ಹನ್ನೆರಡು ವರ್ಷದ ಬಾಯ್ಲರ್‌ಗೆ ತಿಂಗಳಿಗೆ 24 ಪೌಂಡು ಕವರ್: ತಗೊಳ್ಳೋದಾ, ಬಿಡೋದಾ?

ತೀರ್ಥಹಳ್ಳಿ_ಟು_ಸ್ವಿಂಡನ್

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಸ್ವಂತ ಮನೆ ಇರುವವರು ದಯವಿಟ್ಟು ಸ್ವಲ್ಪ ದಾರಿ ತೋರಿಸಿ.

ನಾವು ಸ್ವಿಂಡನ್‌ನಲ್ಲಿ ಹೋದ ವರ್ಷ ಒಂದು ಹಳೇ ಸೆಮಿ ಮನೆ (ಒಂದು ಪಕ್ಕದ ಗೋಡೆ ನೆರೆಮನೆಗೆ ಅಂಟಿದ್ದು) ತಗೊಂಡೆವು. ಬಾಡಿಗೆ ಮನೆಯಲ್ಲಿದ್ದಾಗ ಬಾಯ್ಲರ್ ಕೆಟ್ಟರೆ ಏಜೆಂಟ್‌ಗೆ ಒಂದು ಫೋನ್ ಮಾಡಿದರೆ ನಮ್ಮ ಕೆಲಸ ಮುಗಿಯುತ್ತಿತ್ತು. ಈಗ ಎಲ್ಲಾ ನಮ್ಮ ತಲೆ ಮೇಲೆ. ಬಾಯ್ಲರ್ ಕಾಂಬಿ (ಹೀಟಿಂಗೂ ನಲ್ಲಿಯ ಬಿಸಿನೀರೂ ಒಂದರಿಂದಲೇ), ಗ್ಯಾಸಿನದು, ಹಾಕಿ ಹನ್ನೆರಡು ವರ್ಷ ಆಗಿದೆ ಅಂತ ಮನೆ ಪೇಪರ್‌ಗಳಲ್ಲಿ ಸಿಕ್ಕ ಸರ್ಟಿಫಿಕೇಟ್ ಹೇಳುತ್ತದೆ. ವಾರಂಟಿ ಯಾವಾಗಲೋ ಮುಗಿದಿದೆ. ಹಿಂದಿನ ಮಾಲೀಕರು ಸರ್ವಿಸ್ ಮಾಡಿಸಿದ ದಾಖಲೆ ಒಂದೂ ಇಲ್ಲ.

ಈಗ ಒಂದು ಕಂಪನಿಯಿಂದ ಪತ್ರ ಬಂದಿದೆ. ತಿಂಗಳಿಗೆ 24 ಪೌಂಡು ಕಟ್ಟಿದರೆ ಬಾಯ್ಲರ್, ರೇಡಿಯೇಟರ್, ಕಂಟ್ರೋಲ್ ಎಲ್ಲಾ ಕವರ್, ವರ್ಷಕ್ಕೊಂದು ಸರ್ವಿಸ್ ಒಳಗೇ ಸೇರಿದೆ, ಆದರೆ ಪ್ರತಿ ರಿಪೇರಿಗೂ 60 ಪೌಂಡು ಎಕ್ಸೆಸ್ ನಾವು ಕೊಡಬೇಕು. ಎಕ್ಸೆಸ್ ಬೇಡ ಅಂದರೆ ತಿಂಗಳಿಗೆ 33. ನಮ್ಮವರು "ಸುಮ್ನೆ ದುಡ್ಡು ದಂಡ, ಆ ದುಡ್ಡನ್ನು ಬೇರೆ ಅಕೌಂಟಿಗೆ ಹಾಕಿಟ್ಟರೆ ಸಾಕು" ಅನ್ನುತ್ತಾರೆ. ಬೇರೆ ಸಮಯ ಆಗಿದ್ದರೆ ನಾನೂ ಹೂಂ ಅನ್ನುತ್ತಿದ್ದೆ. ಆದರೆ ನವೆಂಬರ್‌ನಲ್ಲಿ ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಮನೆಯಲ್ಲಿ ಎಂಟು ತಿಂಗಳ ಮಗು ಇದೆ. ಡಿಸೆಂಬರ್‌ನಲ್ಲಿ ಹೀಟಿಂಗೂ ಇಲ್ಲ ಬಿಸಿನೀರೂ ಇಲ್ಲ ಅಂದರೆ ಏನು ಮಾಡೋದು ಅಂತ ಯೋಚನೆ. ಅಪ್ಪನಿಗೆ ಬೆಳಗ್ಗೆ ಬಿಸಿನೀರು ಇಲ್ಲ ಅಂದರೆ ದಿನವೇ ಶುರುವಾಗಲ್ಲ.

ಇನ್ನೊಂದು ವಿಷಯ. ಬಾಯ್ಲರ್‌ನ ನೀರಿನ ಪ್ರೆಷರ್ ಆಗಾಗ ಇಳಿಯುತ್ತದೆ. ಕೆಳಗಿರುವ ನಲ್ಲಿ ತಿರುಗಿಸಿ ನೀರು ತುಂಬಿದರೆ ಮತ್ತೆ ಸರಿಹೋಗುತ್ತದೆ, ಎರಡು ಮೂರು ವಾರಕ್ಕೆ ಮತ್ತೆ ಅದೇ ಕಥೆ. ಇದು ದೊಡ್ಡ ವಿಷಯವಾ ಗೊತ್ತಿಲ್ಲ.

ತಗೊಂಡವರು, ಬಿಟ್ಟವರು ಇಬ್ಬರೂ ಹೇಳಿ.

ಲೆಕ್ಕದ_ಮೇಷ್ಟ್ರು

ನಿಮ್ಮ ಯಜಮಾನರ ಪಕ್ಷ ನಾನು, ಆದರೆ ಪೂರ್ತಿ ಅಲ್ಲ.

24 ಪೌಂಡು ಅಂದರೆ ವರ್ಷಕ್ಕೆ 288. ಅದರಲ್ಲಿ ಸರ್ವಿಸ್ ಸೇರಿದೆ ಅಂದಿರಿ. ಹೊರಗೆ ಸರ್ವಿಸ್ ಮಾಡಿಸಿದರೂ 80ರಿಂದ 120 ಹೋಗುತ್ತದೆ, ಅದನ್ನು ಕಳೆಯಿರಿ. ಉಳಿದ ಸುಮಾರು 190 ಪೌಂಡು ನೀವು ನಿಜವಾಗಿ ಕವರ್‌ಗೆ ಕೊಡುತ್ತಿರುವ ದುಡ್ಡು. ಕೆಟ್ಟರೆ ಅದರ ಮೇಲೆ 60. ಈಗ ಕೆಡೋದು ಏನು ನೋಡಿ. ಕಾಂಬಿಯಲ್ಲಿ ಸಾಮಾನ್ಯವಾಗಿ ಹೋಗುವುದು ಡೈವರ್ಟರ್ ವಾಲ್ವ್, ಫ್ಯಾನ್, ಪಂಪ್, ಪಿಸಿಬಿ ಅಂದರೆ ಒಳಗಿನ ಸರ್ಕ್ಯೂಟ್ ಬೋರ್ಡ್. ಕೂಲಿ ಸೇರಿ ಒಂದೊಂದಕ್ಕೆ 200ರಿಂದ 400ರ ಆಸುಪಾಸು, ಲಂಡನ್ ಕಡೆ ಇನ್ನೂ ಜಾಸ್ತಿ. ಅಂದರೆ ಎರಡು ವರ್ಷಕ್ಕೊಮ್ಮೆ ಒಂದು ದೊಡ್ಡ ರಿಪೇರಿ ಬಂದರೆ ಹೆಚ್ಚುಕಡಿಮೆ ಸರಿಸಮ, ಅದಕ್ಕಿಂತ ಕಡಿಮೆ ಬಂದರೆ ಕಂಪನಿಗೆ ಲಾಭ. ಕಂಪನಿಯವರು ಧರ್ಮಕ್ಕೆ ಅಂಗಡಿ ಇಟ್ಟಿಲ್ಲವಲ್ಲ.

ಐದು ವರ್ಷ ಕಟ್ಟಿದರೆ 1,440 ಆಯಿತು, ಅದೂ ಬೆಲೆ ಏರಿಸದಿದ್ದರೆ. ಹೊಸ ಕಾಂಬಿ ಹಾಕಿಸಲು 2,000ದಿಂದ 3,500 ಬೇಕು ಅಂತ ಇಟ್ಟುಕೊಳ್ಳಿ. ಅರ್ಧ ಬಾಯ್ಲರ್ ದುಡ್ಡು ಅಲ್ಲೇ ಹೋಯಿತು. ನಿಮ್ಮದು ಹನ್ನೆರಡು ವರ್ಷದ್ದು, ಬಾಯ್ಲರ್ ಆಯಸ್ಸು ಹತ್ತರಿಂದ ಹದಿನೈದು ಅಂತಾರೆ. ಹಾಗಾಗಿ ನಿಮಗೆ ಬರಲಿರುವ ದೊಡ್ಡ ಖರ್ಚು ರಿಪೇರಿ ಅಲ್ಲ, ಹೊಸ ಬಾಯ್ಲರ್. ಆ ಖರ್ಚನ್ನು ಈ ಕವರ್ ಕೊಡುತ್ತಾ ಅಂತ ಪತ್ರದಲ್ಲಿ ಹುಡುಕಿ ನೋಡಿ.

ಪೂರ್ತಿ ಪಕ್ಷ ಅಲ್ಲ ಅಂದಿದ್ದು ಯಾಕೆ ಅಂದರೆ, ಬೇರೆ ಅಕೌಂಟಿಗೆ ಹಾಕುವ ಉಪಾಯ ಮೊದಲ ವರ್ಷ ಕೆಲಸ ಮಾಡಲ್ಲ. ಡಿಸೆಂಬರ್‌ಗೆ ನಿಮ್ಮ ಡಬ್ಬಿಯಲ್ಲಿ 70 ಪೌಂಡು ಇರುತ್ತದೆ ಅಷ್ಟೇ. ಮನೆ ಕೊಂಡ ಹೊಸತರಲ್ಲಿ ಕೈ ಖಾಲಿ ಇರುವುದು ಎಲ್ಲರಿಗೂ ಗೊತ್ತು. ನಾಳೆಯೇ 500 ಪೌಂಡು ಎತ್ತಿ ಪಕ್ಕಕ್ಕಿಡಲು ಆದರೆ ಯಜಮಾನರ ಮಾತು ಸರಿ. ಆಗಲ್ಲ ಅಂದರೆ ಒಂದು ವರ್ಷದ ಮಟ್ಟಿಗೆ ಕವರ್ ತಗೊಂಡು ಆಮೇಲೆ ಯೋಚನೆ ಮಾಡಿ.

ಕ್ಲೇಮ್ಸ್_ಟೇಬಲ್

ನಾನು ಇನ್ಶೂರೆನ್ಸ್ ಕ್ಲೇಮ್ಸ್ ವಿಭಾಗದಲ್ಲಿ ಕೆಲಸ ಮಾಡುವವನು (ಬಾಯ್ಲರ್ ಅಲ್ಲ, ಮನೆ ಇನ್ಶೂರೆನ್ಸ್). ಮೇಷ್ಟ್ರ ಲೆಕ್ಕ ಸರಿಯಾಗಿದೆ, ಆದರೆ ಮೇಡಂ, ನಿಮ್ಮ ಪೋಸ್ಟ್‌ನಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಕೊನೆಯ ಪ್ಯಾರಾ. ಪ್ರೆಷರ್ ಇಳಿಯುತ್ತಿದೆ ಅಂದಿರಲ್ಲ, ಅದು ಕವರ್ ತಗೊಳ್ಳುವ ಮೊದಲೇ ಇರುವ ದೋಷ. ಮೊದಲೇ ಇದ್ದ ದೋಷಕ್ಕೆ ಸಾಮಾನ್ಯವಾಗಿ ಯಾವ ಪಾಲಿಸಿಯೂ ದುಡ್ಡು ಕೊಡಲ್ಲ. ನಾಳೆ ಆ ಪ್ರೆಷರ್ ಕಾರಣಕ್ಕೇ ಬಾಯ್ಲರ್ ನಿಂತರೆ ಬರುವ ಎಂಜಿನಿಯರ್ ಮೊದಲು ಕೇಳುವ ಪ್ರಶ್ನೆ "ಇದು ಎಷ್ಟು ದಿನದಿಂದ ಹೀಗಿದೆ?" ಅಂತ. ನೀವು ಪಾಪ ನಿಜ ಹೇಳುತ್ತೀರಿ. ಅಲ್ಲಿಗೆ ಕ್ಲೇಮ್ ಮುಗಿಯಿತು.

ಪತ್ರವನ್ನಷ್ಟೇ ನಂಬಿ ಕೂರಬೇಡಿ. ಅದು ಜಾಹೀರಾತು. ವೆಬ್‌ಸೈಟ್‌ನಲ್ಲಿ ಪಾಲಿಸಿ ಡಾಕ್ಯುಮೆಂಟ್ ಪೂರ್ತಿ ಇರುತ್ತದೆ, ಅದರಲ್ಲಿ "ಏನು ಕವರ್ ಆಗಲ್ಲ" ಅನ್ನುವ ಭಾಗ ಮೊದಲು ಓದಿ. ಶುರುವಿನ 14 ದಿನವೋ 30 ದಿನವೋ ಕ್ಲೇಮ್ ಮಾಡಲು ಬಿಡಲ್ಲ, ಹಾಗಾಗಿ ಕೆಟ್ಟ ದಿನ ಫೋನ್ ಮಾಡಿ ಸೇರಿಕೊಳ್ಳೋಣ ಅನ್ನುವ ಆಟ ನಡೆಯಲ್ಲ. ವಯಸ್ಸಿನ ಮಿತಿ ಇರುತ್ತದೆ, ಕೆಲವರು ಹತ್ತು ವರ್ಷ ಮೀರಿದ್ದನ್ನು ತಗೊಳ್ಳಲ್ಲ, ಕೆಲವರು ಹದಿನೈದು, ಕೆಲವರು ಬಿಡಿಭಾಗ ಸಿಗುವವರೆಗೆ. ಕೆಲವು ಪಾಲಿಸಿಯಲ್ಲಿ ಒಂದು ಕ್ಲೇಮ್‌ಗೆ ಇಷ್ಟೇ ಅಂತ ಮೇಲ್ಮಿತಿ ಇರುತ್ತದೆ. ರೇಡಿಯೇಟರ್ ಒಳಗೆ ಸೇರುವ ಕಪ್ಪು ಕೆಸರು ಮತ್ತು ಸುಣ್ಣದ ಪದರ, ಇವೆರಡರಿಂದ ಆದ ಹಾನಿಗೆ ಬಹುತೇಕ ಕಡೆ ಕವರ್ ಇಲ್ಲ. "ಮೊದಲು ಪವರ್ ಫ್ಲಶ್ ಮಾಡಿಸಿ, ಆಮೇಲೆ ನೋಡೋಣ" ಅಂತಾರೆ (ಯಂತ್ರದಿಂದ ಜೋರಾಗಿ ನೀರು ಹಾಯಿಸಿ ಕೆಸರು ತೊಳೆಯುವುದು), ಅದಕ್ಕೇ ಕೆಲವು ನೂರು ಪೌಂಡು. ಸ್ವಿಂಡನ್ ನೀರು ಎಷ್ಟು ಗಡಸು ಅಂತ ನಿಮ್ಮ ಕೆಟಲ್ ನೋಡಿದರೇ ಗೊತ್ತಾಗುತ್ತದೆ ಅಲ್ವಾ? ಅದೇ ಸುಣ್ಣ ಬಾಯ್ಲರ್‌ನಲ್ಲಿ ನೀರು ಬಿಸಿಯಾಗುವ ಭಾಗ, ಹೀಟ್ ಎಕ್ಸ್‌ಚೇಂಜರ್‌ನಲ್ಲೂ ಕೂರುತ್ತದೆ, ನಲ್ಲಿಯಲ್ಲಿ ಬಿಸಿನೀರು ಉಗುರುಬೆಚ್ಚಗೆ ಬರಲು ಶುರುವಾಗುತ್ತದೆ. ಸ್ಕಾಟ್ಲೆಂಡಿನವರಿಗೆ ಈ ಕಾಟ ಕಡಿಮೆ.

ಇನ್ನು ಮೇಷ್ಟ್ರು ಎತ್ತಿದ ಮಾತು. "ರಿಪೇರಿ ಮಾಡಿಸುವುದು ಲಾಭದಾಯಕ ಅಲ್ಲ" ಅಂತ ಅವರು ತೀರ್ಮಾನ ಮಾಡಿದರೆ ಏನಾಗುತ್ತದೆ ಅನ್ನುವುದನ್ನು ಖಂಡಿತ ಓದಿ. ಹನ್ನೆರಡು ವರ್ಷದ ಬಾಯ್ಲರ್‌ಗೆ ಈ ಸಾಲೇ ಮುಖ್ಯ. ಕೆಲವರು ಹೊಸ ಬಾಯ್ಲರ್‌ಗೆ ಒಂದಿಷ್ಟು ದುಡ್ಡು ಕೊಡುತ್ತಾರೆ. ಹೊಸದು ಪೂರ್ತಿ ಹಾಕಿಕೊಡುವವರು ಸಾಮಾನ್ಯವಾಗಿ ಏಳು ವರ್ಷದೊಳಗಿನ ಬಾಯ್ಲರ್‌ಗೆ ಅಥವಾ ತಾವೇ ಹಾಕಿದ್ದಕ್ಕೆ ಮಾತ್ರ ಆ ಮಾತು ಕೊಡುತ್ತಾರೆ. ಉಳಿದವರು "ಕ್ಷಮಿಸಿ" ಅಂದು ಹೊಸ ಬಾಯ್ಲರ್ ಕೊಟೇಶನ್ ಕೈಗೆ ಕೊಟ್ಟು ಹೋಗುತ್ತಾರೆ.

ಕೊನೆಯದಾಗಿ, ಇದು ಇನ್ಶೂರೆನ್ಸಾ ಅಥವಾ ಬರೀ ಸರ್ವಿಸ್ ಪ್ಲಾನಾ ಅಂತ ನೋಡಿ. ಎರಡೂ ಹೊರಗಿಂದ ಒಂದೇ ಥರ ಕಾಣುತ್ತವೆ. ಇನ್ಶೂರೆನ್ಸ್ ಆದರೆ ಬೆಲೆಯಲ್ಲಿ 12 ಶೇಕಡಾ ಇನ್ಶೂರೆನ್ಸ್ ಪ್ರೀಮಿಯಂ ಟ್ಯಾಕ್ಸ್ ಇರುತ್ತದೆ, ಕಂಪನಿ ಎಫ್‌ಸಿಎ (ಹಣಕಾಸು ಕಂಪನಿಗಳ ಮೇಲೆ ಕಣ್ಣಿಡುವ ಸಂಸ್ಥೆ) ಕೆಳಗೆ ಬರುತ್ತದೆ, ಜಗಳ ಆದರೆ ಇಂಥ ದೂರು ತೀರಿಸುವ ಫೈನಾನ್ಶಿಯಲ್ ಆಂಬುಡ್ಸ್‌ಮನ್ ಹತ್ತಿರ ಪುಕ್ಕಟೆ ದೂರು ಕೊಡಬಹುದು. ಬರೀ ಸರ್ವಿಸ್ ಪ್ಲಾನ್ ಆದರೆ ವ್ಯಾಟ್ ಇರುತ್ತದೆ, ಆಂಬುಡ್ಸ್‌ಮನ್ ಬಾಗಿಲು ಸಾಮಾನ್ಯವಾಗಿ ತೆರೆಯಲ್ಲ.

ಅಂದಹಾಗೆ ನಿಮ್ಮ ಹೋಮ್ ಇನ್ಶೂರೆನ್ಸ್ ತೆಗೆದು ನೋಡಿದಿರಾ? ಅದರಲ್ಲಿ "ಹೋಮ್ ಎಮರ್ಜೆನ್ಸಿ" (ಹೀಟಿಂಗ್ ನಿಲ್ಲುವಂಥ ತುರ್ತು ರಿಪೇರಿಗೆ) ಅಂತ ಒಂದು ಸೇರಿಕೆ ಎಷ್ಟೋ ಜನರಿಗೆ ಗೊತ್ತಿಲ್ಲದೇ ಇರುತ್ತದೆ. ತಿಂಗಳಿಗೆ ಫೀ ಕಟ್ಟುವ ಬ್ಯಾಂಕ್ ಅಕೌಂಟ್ ಇದ್ದರೆ ಅದರಲ್ಲೂ ಒಮ್ಮೊಮ್ಮೆ ಇರುತ್ತದೆ. ಇದ್ದದ್ದನ್ನೇ ಎರಡು ಸಲ ಕೊಳ್ಳಬೇಡಿ.

ಸ್ಪ್ಯಾನರ್_ಸ್ವಾಮಿ

ನಾನು ಗ್ಯಾಸ್ ಕೆಲಸದವನಲ್ಲ, ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್. ಬಾಯ್ಲರ್ ಕವಚ ತೆಗೆಯುವ ಕೆಲಸ ನಾನೂ ಮಾಡಲ್ಲ, ನೀವೂ ಮಾಡಬೇಡಿ, ಅದು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ (ಗ್ಯಾಸ್ ಕೆಲಸಕ್ಕೆ ಅನುಮತಿ ಇರುವವರ ಅಧಿಕೃತ ಪಟ್ಟಿ) ಹೆಸರಿರುವವರ ಕೆಲಸ. ಆದರೆ ಪ್ರೆಷರ್ ವಿಷಯ ಹೊರಗಿನಿಂದಲೇ ಅರ್ಧ ಗೊತ್ತಾಗುತ್ತದೆ.

ತಣ್ಣಗಿದ್ದಾಗ ಪ್ರೆಷರ್ ಮೀಟರಿನ ಮುಳ್ಳು 1ರಿಂದ 1.5 ಬಾರ್ ನಡುವೆ ಇರಬೇಕು. ಹೀಟಿಂಗ್ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿ. ಸ್ವಲ್ಪ ಏರಿ 2ರ ಹತ್ತಿರ ನಿಂತರೆ ಸರಿ. ಏರುತ್ತಾ ಏರುತ್ತಾ 3ರ ಹತ್ತಿರ ಹೋದರೆ ಸೇಫ್ಟಿ ವಾಲ್ವ್ ತೆರೆದುಕೊಂಡು ನೀರನ್ನು ಹೊರಗೆ ಬಿಡುತ್ತದೆ, ತಣ್ಣಗಾದ ಮೇಲೆ ಪ್ರೆಷರ್ ಸೊನ್ನೆಗೆ ಹತ್ತಿರ. ಬಾಯ್ಲರ್ ಇರುವ ಗೋಡೆಯ ಆಚೆ ಒಂದು ಸಣ್ಣ ತಾಮ್ರದ ಪೈಪ್ ಗೋಡೆ ಕಡೆಗೇ ಬಾಗಿರುತ್ತದೆ. ಅದರ ತುದಿಗೆ ಒಂದು ಪ್ಲಾಸ್ಟಿಕ್ ಚೀಲ ಸಡಿಲವಾಗಿ ಕಟ್ಟಿ, ಮರುದಿನ ನೋಡಿ. ಚೀಲದಲ್ಲಿ ನೀರಿದ್ದರೆ ಎಕ್ಸ್‌ಪಾನ್ಷನ್ ವೆಸಲ್‌ನಲ್ಲಿ ಗಾಳಿ ಹೋಗಿದೆ ಅಂತ ಬಹುತೇಕ ಹೇಳಬಹುದು. ಬಿಸಿಯಾದ ನೀರು ಹಿಗ್ಗುವಾಗ ಅದಕ್ಕೆ ಜಾಗ ಕೊಡುವ ಡಬ್ಬಿ ಅದು. ಅದಕ್ಕೆ ಗಾಳಿ ತುಂಬುವುದು ಸರ್ವಿಸ್ ಜೊತೆಗೇ ಆಗುವ ಕೆಲಸ, ಅದೃಷ್ಟ ಇದ್ದರೆ ಅಷ್ಟರಲ್ಲೇ ಮುಗಿಯುತ್ತದೆ.

ಚೀಲ ಒಣಗಿದ್ದರೆ ಬೇರೆ ಕಡೆ ಸೋರಿಕೆ. ರೇಡಿಯೇಟರ್ ವಾಲ್ವ್‌ಗಳ ಕೆಳಗೆ ಟಿಶ್ಯೂ ಹಿಡಿದು ನೋಡಿ, ಹಸಿರು ಅಥವಾ ಕಂದು ಕಲೆ ಇದೆಯಾ ನೋಡಿ. ನೆಲದ ಕೆಳಗಿನ ಪೈಪ್ ಆದರೆ ತಲೆನೋವು.

ಮತ್ತೆ ಮತ್ತೆ ನೀರು ತುಂಬುತ್ತಾ ಕೂರುವುದು ಒಳ್ಳೆಯದಲ್ಲ. ಒಳಗಿನ ನೀರಿಗೆ ತುಕ್ಕು ಹಿಡಿಯದಂತೆ ಹಾಕಿರುವ ದ್ರವ ತೆಳುವಾಗುತ್ತಾ ಹೋಗುತ್ತದೆ, ಪ್ರತಿ ಸಲ ಹೊಸ ನೀರಿನ ಜೊತೆ ಆಮ್ಲಜನಕ ಬರುತ್ತದೆ, ರೇಡಿಯೇಟರ್ ಒಳಗೆ ತುಕ್ಕು ಜಾಸ್ತಿಯಾಗುತ್ತದೆ. ಮೇಲೆ ಕ್ಲೇಮ್ಸ್ ಸಾಹೇಬರು ಹೇಳಿದ ಕಪ್ಪು ಕೆಸರು ಹುಟ್ಟುವುದೇ ಹೀಗೆ. ಅದಕ್ಕೆ ಕವರ್ ಇಲ್ಲ ಅಂತಲೂ ಅವರೇ ಹೇಳಿದ್ದಾರೆ.

ಹಾಗಾಗಿ ನನ್ನ ಮಾತು: ಕವರ್ ಆಮೇಲೆ, ಮೊದಲು ಚಳಿ ಬರುವ ಮುಂಚೆ ಒಬ್ಬ ಸ್ಥಳೀಯ ಎಂಜಿನಿಯರ್ ಕರೆಸಿ ಸರ್ವಿಸ್ ಮಾಡಿಸಿ. ಅಕ್ಟೋಬರ್ ಕೊನೆಗೆ ಎಲ್ಲರೂ ಒಟ್ಟಿಗೆ ಹೀಟಿಂಗ್ ಹಾಕುತ್ತಾರೆ, ಆಗ ಯಾರೂ ಕೈಗೆ ಸಿಗಲ್ಲ.

ಬಿಸಿಬೇಳೆ_ಬರ್ಮಿಂಗ್‌ಹ್ಯಾಮ್

ಕವರ್ ತಗೊಂಡವರ ಪರವಾಗಿ ನಾನೊಬ್ಬಳಾದರೂ ಮಾತಾಡುತ್ತೇನೆ, ಇಲ್ಲಾಂದ್ರೆ ಎಲ್ಲರೂ ಸೇರಿ ಅದನ್ನು ಹೂತೇ ಬಿಡುತ್ತೀರಿ.

ನಮ್ಮತ್ತೆ ನಮ್ಮ ಜೊತೆ ಇದ್ದಾರೆ, ಸಂಧಿವಾತ. ಮನೆ ತಣ್ಣಗಾದರೆ ಅವರಿಗೆ ಎದ್ದು ನಿಲ್ಲಲೂ ಕಷ್ಟ. ನನಗೆ 200 ಪೌಂಡು ಉಳಿಯಿತಾ ಹೋಯಿತಾ ಅನ್ನುವುದಕ್ಕಿಂತ, ಕೆಟ್ಟ ದಿನ ಹತ್ತು ಜನರಿಗೆ ಫೋನ್ ಮಾಡಿ "ಮುಂದಿನ ವಾರ ಬರುತ್ತೇನೆ" ಅಂತ ಕೇಳಿಸಿಕೊಳ್ಳುವ ಕರ್ಮ ಬೇಡ. ಒಂದು ನಂಬರ್, ಅವರೇ ಯಾರನ್ನೋ ಕಳಿಸುತ್ತಾರೆ. ನಮ್ಮ ಫ್ಯಾನ್ ಹೋದಾಗ ಎಕ್ಸೆಸ್ ಬಿಟ್ಟರೆ ಒಂದು ಪೆನ್ನಿ ಕೊಡಲಿಲ್ಲ. ಹೊಸ ಊರಲ್ಲಿ ಗುರುತಿನ ಪ್ಲಂಬರ್ ಇಲ್ಲದವರಿಗೆ ಇದು ಸಣ್ಣ ವಿಷಯ ಅಲ್ಲ.

ಹಾಗಂತ ಅದೇ ದಿನ ಬರುತ್ತಾರೆ ಅಂತಲೂ ನಂಬಬೇಡಿ. ನಾವು ಮೊದಲು ಬೇರೆ ಒಂದು ಕಂಪನಿಯಲ್ಲಿ ಇದ್ದೆವು, ಹೆಸರು ಬೇಡ. ಚಳಿ ಜೋರಾದಾಗ ಊರಿಗೆಲ್ಲಾ ಬಾಯ್ಲರ್ ನಿಂತಿರುತ್ತದೆ, ಫೋನ್ ಹಿಡಿದುಕೊಂಡೇ ಇರಬೇಕು, ಬಂದ ಎಂಜಿನಿಯರ್ ಭಾಗ ತರಿಸಬೇಕು ಅಂತ ಮತ್ತೆ ಹೋಗುತ್ತಾನೆ. ಪಾಲಿಸಿಯಲ್ಲಿ ಎಷ್ಟು ಗಂಟೆಯೊಳಗೆ ಬರುತ್ತೇವೆ ಅಂತ ಮಾತು ಕೊಟ್ಟಿದ್ದಾರಾ, "ಆದಷ್ಟು ಬೇಗ" ಅಂತ ಬರೆದು ಕೈ ತೊಳೆದುಕೊಂಡಿದ್ದಾರಾ, ಅದನ್ನು ನೋಡಿ. ಒಂದೆರಡು ಕಡೆ ಬಾಯ್ಲರ್ ತಡವಾದರೆ ಹೀಟರ್ ಖರ್ಚು ಕೊಡುತ್ತಾರೆ, ಹೋಟೆಲ್ ಖರ್ಚು ಕೊಡುವವರೂ ಇದ್ದಾರೆ.

ಇನ್ನೊಂದು. ರಿನ್ಯೂವಲ್ ತಾನಾಗೇ ಆಗುತ್ತದೆ, ಎರಡನೇ ವರ್ಷ ಬೆಲೆ ನೆಗೆಯುತ್ತದೆ. ಪ್ರತಿ ವರ್ಷ ಫೋನ್ ಮಾಡಿ "ಬಿಟ್ಟು ಹೋಗುತ್ತೇನೆ" ಅಂದರೆ ಇಳಿಸುತ್ತಾರೆ. ನಮ್ಮೂರ ಸಂತೆಯಲ್ಲಿ ಚೌಕಾಸಿ ಮಾಡಿ ಬೆಳೆದವರಿಗೆ ಇದೇನು ಹೊಸದಾ!

ಕೊಡಗು_ಕಾಫಿ_ಲೀಡ್ಸ್

ಬಿಸಿಬೇಳೆ ಅಕ್ಕ ಹೇಳಿದ "ಊರಿಗೆಲ್ಲಾ ಬಾಯ್ಲರ್ ನಿಂತಿರುತ್ತದೆ" ಅನ್ನುವುದರಲ್ಲಿ ಒಂದು ಪಾಲು ಬಾಯ್ಲರ್ ಕೆಟ್ಟೇ ಇರಲ್ಲ. 2018ರ ಫೆಬ್ರವರಿ ಕೊನೆ, ಮಾರ್ಚ್ ಶುರುವಿನಲ್ಲಿ "ಬೀಸ್ಟ್ ಫ್ರಮ್ ದಿ ಈಸ್ಟ್" ಅಂತ ಚಳಿ ಬಂತಲ್ಲ, ಆಗ ಇದ್ದವರಿಗೆ ನೆನಪಿರುತ್ತದೆ. ಈಗಿನ ಕಂಡೆನ್ಸಿಂಗ್ ಬಾಯ್ಲರ್‌ಗಳಿಂದ ಹನಿ ಹನಿ ನೀರು ಒಂದು ಪ್ಲಾಸ್ಟಿಕ್ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಆ ಪೈಪ್ ಗೋಡೆಯ ಹೊರಗೆ ಉದ್ದಕ್ಕೆ ಓಡಿದ್ದರೆ ಹಿಮಗಟ್ಟುತ್ತದೆ, ನೀರು ಹಿಂದಕ್ಕೆ ತುಂಬಿ ಬಾಯ್ಲರ್ ಗುಳುಗುಳು ಅಂದು ತಾನೇ ಲಾಕ್ ಆಗುತ್ತದೆ. ಬಿಸಿ ನೀರಿನ ಚೀಲ ಇಡಿ, ಇಲ್ಲ ಜಗ್ಗಿನಲ್ಲಿ ಬೆಚ್ಚಗಿನ ನೀರು ಹೊಯ್ಯಿರಿ (ಕುದಿಯುವ ನೀರು ಬೇಡ, ಪೈಪ್ ಬಿರಿಯುತ್ತದೆ), ಆಮೇಲೆ ರೀಸೆಟ್ ಒತ್ತಿ. ಇದಕ್ಕೆ ಎಂಜಿನಿಯರ್ ಬೇಕಿಲ್ಲ. ಕೆಲವು ಪಾಲಿಸಿಯಲ್ಲಿ ಇದಕ್ಕೆ ಕವರೂ ಇಲ್ಲ. ಪೈಪಿಗೆ ಫೋಮ್ ಹೊದಿಸಲು ಹತ್ತು ಪೌಂಡು ಸಾಕು.

ಈಗ ನನ್ನದೊಂದು ಪ್ರಶ್ನೆ. ನಾವು ಬಾಡಿಗೆಗೆ ಇದ್ದೇವೆ, ನಮಗೂ ಇಂಥದೇ ಪತ್ರ ಬಂದಿದೆ. ತಗೋಬೇಕಾ?

ಕ್ಲೇಮ್ಸ್_ಟೇಬಲ್

@ಕೊಡಗು_ಕಾಫಿ_ಲೀಡ್ಸ್ ಬೇಡವೇ ಬೇಡ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್, ಸೆಕ್ಷನ್ 11 ಪ್ರಕಾರ ಹೀಟಿಂಗ್, ಬಿಸಿನೀರಿನ ವ್ಯವಸ್ಥೆ ಸರಿಯಾಗಿಡುವುದು ಮಾಲೀಕರ ಕೆಲಸ. ವರ್ಷಕ್ಕೊಮ್ಮೆ ಗ್ಯಾಸ್ ಸೇಫ್ಟಿ ಚೆಕ್ ಮಾಡಿಸಿ ಅದರ ಪ್ರತಿ ನಿಮಗೆ ಕೊಡಬೇಕಾದವರೂ ಅವರೇ. ನೀವು ದುಡ್ಡು ಕೊಟ್ಟು ಅವರ ಬಾಯ್ಲರ್ ಯಾಕೆ ಕಾಯುತ್ತೀರಿ?

ಹೊಸಮನೆ_ಮಿಲ್ಟನ್‌ಕೀನ್ಸ್

ಹೊಸ ಮನೆ ತಗೊಂಡವರಿಗೆ ಒಂದು ಸಾಲು. ಬಾಯ್ಲರ್‌ಗೆ ತಯಾರಕರ ವಾರಂಟಿ ಇರುವಾಗ ಕವರ್ ತಗೊಳ್ಳುವುದು ಶುದ್ಧ ದಂಡ. ವೋರ್ಸೆಸ್ಟರ್ ಬಾಷ್, ವೈಲಾಂಟ್ ಥರದವರು ತಮ್ಮಲ್ಲಿ ನೋಂದಾಯಿಸಿದ ಇನ್‌ಸ್ಟಾಲರ್ ಹಾಕಿದರೆ ಹತ್ತು ವರ್ಷದವರೆಗೂ ವಾರಂಟಿ ಕೊಡುತ್ತಾರೆ. ಆದರೆ ಪ್ರತಿ ವರ್ಷ ಸರ್ವಿಸ್ ಮಾಡಿಸಿ, ಬಾಯ್ಲರ್ ಜೊತೆ ಬಂದ ಪುಸ್ತಕದಲ್ಲಿ ಬರೆಸಿ ಇಟ್ಟುಕೊಳ್ಳಲೇಬೇಕು. ಒಂದು ವರ್ಷ ತಪ್ಪಿದರೆ ವಾರಂಟಿ ಕೈಬಿಡುತ್ತಾರೆ.

ತೀರ್ಥಹಳ್ಳಿ_ಟು_ಸ್ವಿಂಡನ್

ಅಬ್ಬಾ, ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಸ್ವಾಮಿ ಅವರು ಹೇಳಿದ ಹಾಗೆ ಚೀಲ ಕಟ್ಟಿ ನೋಡಿದೆವು. ಚೀಲದಲ್ಲಿ ಚೆನ್ನಾಗೇ ನೀರು ಸೇರಿತ್ತು! ಮುಳ್ಳೂ 3ರ ಹತ್ತಿರ ಹೋಗುತ್ತಿದೆ. ಮುಂದಿನ ವಾರಕ್ಕೆ ಒಬ್ಬರನ್ನು ಕರೆದಿದ್ದೇವೆ, ಸರ್ವಿಸ್‌ಗೆ 95 ಅಂದರು, ವೆಸಲ್‌ಗೆ ಗಾಳಿ ತುಂಬುವುದು ಅದರಲ್ಲೇ ಮಾಡುತ್ತೇನೆ, ಸೇಫ್ಟಿ ವಾಲ್ವ್ ಬದಲಿಸಬೇಕಾದರೆ ಬೇರೆ ಅಂದರು.

ಹೋಮ್ ಇನ್ಶೂರೆನ್ಸ್ ತೆಗೆದು ನೋಡಿದೆ. ಹೋಮ್ ಎಮರ್ಜೆನ್ಸಿ ಸೇರಿಕೆ ಇಲ್ಲ. ಸೇರಿಸಿಕೊಳ್ಳಬಹುದಂತೆ, ಕಂಪನಿ ಕೇಳಿದ 288ರ ಕಾಲು ಭಾಗವೂ ಆಗಲ್ಲ, ಆದರೆ ಹೀಟಿಂಗ್ ಪೂರ್ತಿ ನಿಂತರೆ ಮಾತ್ರ ಬರುತ್ತಾರೆ, ಒಂದು ಸಲಕ್ಕೆ 500 ಪೌಂಡು ಮಿತಿ, ಬಾಯ್ಲರ್ 15 ವರ್ಷ ಮೀರಿರಬಾರದು. ಸರ್ವಿಸ್ ಇಲ್ಲ. ಪತ್ರ ಕಳಿಸಿದ ಕಂಪನಿಯ ಡಾಕ್ಯುಮೆಂಟಿನಲ್ಲಿ ಹೊಸ ಬಾಯ್ಲರ್ ವಿಷಯ ಹುಡುಕಿದೆ, ಏಳು ವರ್ಷ ಮೀರಿದ್ದಕ್ಕೆ ಏನೂ ಕೊಡಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಅದನ್ನು ಓದಿದ ಮೇಲೆ ಆ 24 ಪೌಂಡಿನ ಆಸೆ ಬಿಟ್ಟೆ. ನಮ್ಮವರಿಗೆ ಇದನ್ನು ಹೇಳಿಲ್ಲ, ಗೆದ್ದೆ ಅಂತ ಕುಣಿಯುತ್ತಾರೆ.

ಎಂಜಿನಿಯರ್ ಬಂದು ಹೋಗಲಿ. ಬಾಯ್ಲರ್ ಇನ್ನೆರಡು ಮೂರು ವರ್ಷ ಬರುತ್ತದೆ ಅಂದರೆ ಹೋಮ್ ಎಮರ್ಜೆನ್ಸಿ ಸೇರಿಸಿಕೊಂಡು, ಉಳಿದದ್ದನ್ನು ಹೊಸ ಬಾಯ್ಲರ್ ಅಂತ ಹೆಸರಿಟ್ಟು ಪಕ್ಕಕ್ಕೆ ಹಾಕುತ್ತೇವೆ. ಬರಲ್ಲ ಅಂದರೆ ಅಪ್ಪ ಅಮ್ಮ ಬರುವ ಮುಂಚೆಯೇ ಬದಲಿಸುವುದಾ ಅಂತ ಯೋಚನೆ. ಹೀಟ್ ಪಂಪ್ ಹಾಕಿಸಿ, ಸರ್ಕಾರ ದುಡ್ಡು ಕೊಡುತ್ತದೆ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ಯಾರಾದರೂ ಹಾಕಿಸಿದ್ದೀರಾ?

ಲೆಕ್ಕದ_ಮೇಷ್ಟ್ರು

ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್ ಅದು. ಇಂಗ್ಲೆಂಡ್, ವೇಲ್ಸ್‌ನಲ್ಲಿ ಗಾಳಿಯಿಂದ ಶಾಖ ತೆಗೆಯುವ ಹೀಟ್ ಪಂಪ್‌ಗೆ 7,500 ಪೌಂಡು ಕೊಡುತ್ತಾರೆ, 2023ರ ಅಕ್ಟೋಬರ್‌ಗೆ ಮುಂಚೆ 5,000 ಇತ್ತು. ಇನ್‌ಸ್ಟಾಲರ್ ಅರ್ಜಿ ಹಾಕಿ ಬಿಲ್ಲಿನಲ್ಲೇ ಕಳೆಯುತ್ತಾರೆ. ಆದರೆ ಬಿಸಿನೀರಿಗೆ ದೊಡ್ಡ ಸಿಲಿಂಡರ್ ಇಡಲು ಜಾಗ ಬೇಕು, ಕೆಲವು ರೇಡಿಯೇಟರ್ ದೊಡ್ಡದು ಮಾಡಬೇಕಾಗಬಹುದು. ಯೋಚಿಸಿ, ಕೊಟೇಶನ್ ತಗೊಂಡು, ಬೇಸಿಗೆಯಲ್ಲಿ ಮಾಡಿಸುವ ಕೆಲಸ. ನವೆಂಬರ್ ಒಳಗೆ ಓಡಿ ಮಾಡಿಸುವುದಲ್ಲ. ಬಾಯ್ಲರ್ ಸತ್ತ ದಿನ ಇದನ್ನು ಯೋಚಿಸಲು ಶುರು ಮಾಡಿದರೆ ಮತ್ತೆ ಗ್ಯಾಸ್ ಬಾಯ್ಲರೇ ಬರುತ್ತದೆ, ಹಾಗಾಗಿ ಆಸೆ ಇದ್ದರೆ ಈಗಲೇ ಕೊಟೇಶನ್ ಕೇಳಿಟ್ಟುಕೊಳ್ಳಿ.

ಸ್ಪ್ಯಾನರ್_ಸ್ವಾಮಿ

95ಕ್ಕೆ ಸರ್ವಿಸ್ ಅಂದರೆ ಸರಿಯಾದ ರೇಟೇ. ಬಂದವರ ಗ್ಯಾಸ್ ಸೇಫ್ ಕಾರ್ಡ್ ಕೇಳಿ, ಹಿಂದೆ ತಿರುಗಿಸಿ ನೋಡಿ, ಯಾವ ಯಾವ ಕೆಲಸಕ್ಕೆ ಅನುಮತಿ ಇದೆ ಅಂತ ಅಲ್ಲೇ ಬರೆದಿರುತ್ತದೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಸೇಫ್ಟಿ ವಾಲ್ವ್ ಒಮ್ಮೆ ತೆರೆದುಕೊಂಡರೆ ಮತ್ತೆ ಸರಿಯಾಗಿ ಮುಚ್ಚದೇ ತೊಟ್ಟಿಕ್ಕುವುದು ಮಾಮೂಲು, ಹಾಗಾಗಿ ಅದನ್ನು ಬದಲಿಸಬೇಕು ಅಂದರೆ ಮೋಸ ಅಂದುಕೊಳ್ಳಬೇಡಿ. ಆ ಕಪ್ಪು ಕೆಸರನ್ನು ಹಿಡಿದಿಡುವ ಮ್ಯಾಗ್ನೆಟಿಕ್ ಫಿಲ್ಟರ್ ಇದೆಯಾ ಅಂತಲೂ ಕೇಳಿ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಬಾಯ್ಲರ್ ಇರುವ ಕೋಣೆಯಲ್ಲಿ ಇಲ್ಲದಿದ್ದರೆ ನಾಳೆಯೇ ತನ್ನಿ, ಇದಕ್ಕೆ ಯೋಚನೆ ಬೇಡ. ಗ್ಯಾಸ್ ವಾಸನೆ ಬಂದರೆ ಕವರ್ ಕಂಪನಿಗಲ್ಲ, 0800 111 999ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಪುಕ್ಕಟೆ. ಅವರು ಬಂದು ಅಪಾಯ ತಪ್ಪಿಸುತ್ತಾರೆ, ಬಾಯ್ಲರ್ ರಿಪೇರಿ ಮಾಡಲ್ಲ.

ಆಮೇಲೆ ಆಯಿಲ್ ತುಂಬಿದ ಎಲೆಕ್ಟ್ರಿಕ್ ರೇಡಿಯೇಟರ್ ಒಂದು ಈಗಲೇ ತಂದು ಮೂಲೆಯಲ್ಲಿಡಿ, 50 ಪೌಂಡಿನ ಆಸುಪಾಸಿಗೆ ಸಿಗುತ್ತದೆ. ಹಿಮ ಬಿದ್ದ ದಿನ ಅಂಗಡಿಯಲ್ಲಿ ಒಂದೂ ಉಳಿದಿರಲ್ಲ. ಕಾಂಬಿ ನಿಂತರೆ ಬಿಸಿನೀರಿಗೆ ಬೇರೆ ದಾರಿ ಇಲ್ಲ, ಎಲೆಕ್ಟ್ರಿಕ್ ಶವರ್ ಇದೆಯಾ ನಿಮ್ಮಲ್ಲಿ?

ತೀರ್ಥಹಳ್ಳಿ_ಟು_ಸ್ವಿಂಡನ್

ಮೇಲಿನ ಬಾತ್‌ರೂಮಿನಲ್ಲಿ ಇದೆ, ಬಾಯ್ಲರ್‌ಗೂ ಅದಕ್ಕೂ ಸಂಬಂಧ ಇಲ್ಲ ಅಂತ ಈಗಷ್ಟೇ ನೋಡಿ ಬಂದೆ. ಹಾಗಾದರೆ ಅಪ್ಪನ ಸ್ನಾನದ ಚಿಂತೆ ಇಲ್ಲ. ಅಲಾರಂ ಇಲ್ಲ, ಇವತ್ತು ಸಂಜೆ ತರುತ್ತೇನೆ.